ಹಾವಿನ ತೋಟದಲ್ಲಿ ಮೊಮ್ಮಗನೊಡನೆ

ಪಾಠಶಾಲೆಯಲ್ಲಿ ಓದಿದವರಿಗೆ ಒಂದು ವಿಧವಾದ ಅಹಂಕಾರವಿರುವುದುಂಟು. ಯಾವ ವಸ್ತುವನ್ನು ಕಂಡರೂ ಅದಕ್ಕೆ ಹತ್ತು ಹೆಸರುಗಳು ನಾಲಗೆಯ ತುದಿಗೆ ಬಂದು ನಿಲ್ಲುತ್ತವೆ. ಹೆಸರು ಬಂದೊಡನೆಯೇ ವಸ್ತುವೂ ತಿಳಿದುಹೋಯಿತೆಂದು ಮನಸ್ಸು ಭ್ರಮಿಸುತ್ತದೆ. ಅಮರಕೋಶದ ಪಾತಾಳಭೋಗಿವರ್ಗವನ್ನು ನಾನು ಹನ್ನೊಂದನೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದವನು. ಉರಗ, ಪನ್ನಗ, ಬಿಲೇಶಯ, ಗೂಢಪಾದ, ಪವನಾಶನ, ಚಕ್ಷುಃಶ್ರವ ಮುಂತಾದ ಹಾವಿನ ಹೆಸರುಗಳನ್ನು ಇಂದು ನಡುರಾತ್ರಿಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸಬಲ್ಲೆ. ಆದರೆ ಹಾವೆಂಬ ಪ್ರಾಣಿಯನ್ನು ಒಂದು ಗಳಿಗೆ ನೆಟ್ಟಗೆ ನಿಂತು ನೋಡಿದುದು ಅರವತ್ತಾರನೆಯ ವಯಸ್ಸಿನಲ್ಲಿ. ಅದೂ ಒಂಬತ್ತು ವರ್ಷದ ಮೊಮ್ಮಗನು ಕೈಹಿಡಿದು ನಿಲ್ಲಿಸಿದುದರಿಂದ. ಅದಕ್ಕೆ ಮುಂಚೆ ನಾನು ಹಾವನ್ನು ಕಂಡಿರಲಿಲ್ಲವೆಂದಲ್ಲ. ಕಂಡಾಗಲೆಲ್ಲ ಒಂದೋ ಓಡಿದ್ದೆ, ಇಲ್ಲವೇ ಕೋಲು ಹುಡುಕಿದ್ದೆ.

2025ರ ಬೇಸಗೆಯ ರಜೆಯಲ್ಲಿ ನಾವು ಚೆನ್ನೈಗೆ ಹೋಗಿದ್ದೆವು. ನನ್ನ ಮಗಳ ಸಂಸಾರ ಅಲ್ಲಿದೆ. ಮನೆಯಾಕೆಗೆ ಮೈಲಾಪುರದ ಕಪಾಲೀಶ್ವರನ ದರ್ಶನವಾಗಬೇಕಾಗಿತ್ತು. ನನಗೆ ಸಂಸ್ಕೃತ ಪುಸ್ತಕಗಳ ಒಂದೆರಡು ಅಂಗಡಿಗಳನ್ನು ನೋಡಬೇಕಾಗಿತ್ತು. ನಮ್ಮ ಪುಟ್ಟನಿಗೆ ಮಾತ್ರ ಇವಾವುವೂ ಬೇಕಿರಲಿಲ್ಲ. ರೈಲು ದಾವಣಗೆರೆಯನ್ನು ಬಿಟ್ಟಂದಿನಿಂದ ಅವನದು ಒಂದೇ ಜಪ—ಹಾವಿನ ತೋಟ. “ಹಾವನ್ನು ನೋಡುವುದಕ್ಕೆ ದುಡ್ಡು ಕೊಟ್ಟು ಇಷ್ಟು ದೂರ ಬರಬೇಕೇನೋ? ಹೊನ್ನಾಳಿಯ ಗದ್ದೆಯ ಬದುವಿನ ಮೇಲೆ ಸಾಯಂಕಾಲ ಒಂದು ಸುತ್ತು ಬಂದರೆ ಸಾಕಲ್ಲ!” ಎಂದೆ. ಅವನು, “ಅಜ್ಜ, ಅಲ್ಲಿ ನೀನು ನೋಡಗೊಡುವುದಿಲ್ಲವಲ್ಲ, ಎಳಕೊಂಡು ಓಡ್ತೀಯಲ್ಲ,” ಎಂದನು. ಅದು ಸುಳ್ಳಲ್ಲವಾದುದರಿಂದ ನಾನು ಮುಂದೆ ಮಾತಾಡಲಿಲ್ಲ.

ನಮ್ಮ ಸೀಮೆಯಲ್ಲಿ ಹಾವಿಗೆ ಬಡತನವಿಲ್ಲವೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಉಪಾಧ್ಯಾಯ ವೃತ್ತಿಯು ನನ್ನನ್ನು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಸುತ್ತಿಸಿತು. ಊರು ಬದಲಾದಂತೆಲ್ಲ ಹಾವೂ ಬದಲಾಗುತ್ತಿತ್ತು. ಜಗಳೂರಿನ ಕಡೆಯ ಒಣನೆಲದ ಕಲ್ಲುಗುಪ್ಪೆಗಳಲ್ಲಿ ಉರಿಮಂಡಲದ ಭಯ; ಗೇಣುದ್ದದ ಪ್ರಾಣಿ, ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದ ಸದ್ದು ಮಾಡುತ್ತದೆ. ಚನ್ನಗಿರಿಯ ಅಡಿಕೆತೋಟಗಳಲ್ಲಿ ಬಿದ್ದ ಸೋಗೆಯ ಅಡಿಯಲ್ಲಿ ಕೊಳಕುಮಂಡಲ. ಸೂಳೆಕೆರೆಯ ಅಂಚಿನಲ್ಲಿ ನೀರುಹಾವು. ನ್ಯಾಮತಿಯ ಮೆಕ್ಕೆಜೋಳದ ರಾಶಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆಯೂ ನಾಗರವೂ ಬರುತ್ತವೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ಮಡುಗಳಲ್ಲಿ ಮೊಸಳೆಯೇ ಇರುವಾಗ ಹಾವಿನ ಮಾತೇನು! ಹಾಗಿದ್ದರೂ ಇವುಗಳಲ್ಲಿ ಯಾವುದು ಯಾವುದೆಂದು ನಮ್ಮಲ್ಲಿ ಓದಿದವರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ತಬ್ಬಿಬ್ಬಾಗುತ್ತಾರೆ. ದನಕಾಯುವ ಹುಡುಗನಿಗೆ ಗೊತ್ತಿರುವಷ್ಟು ಶಾಲೆಯ ಮೇಷ್ಟರಿಗೆ ಗೊತ್ತಿರುವುದಿಲ್ಲ. ನಾನೂ ಆ ಎಂಟು ಮಂದಿಯಲ್ಲಿ ಒಬ್ಬನೇ.

ಗಿಂಡಿಯಲ್ಲಿರುವ ಈ ತೋಟವನ್ನು 1972ರಲ್ಲಿ ಏರ್ಪಡಿಸಿದವರು ರೋಮುಲಸ್ ವಿಟೇಕರ್ ಎಂಬವರು. ಅಮೆರಿಕದಲ್ಲಿ ಹುಟ್ಟಿ ನಮ್ಮ ದೇಶದಲ್ಲಿ ಬೆಳೆದವರು. ಸರೀಸೃಪಗಳಿಗಾಗಿಯೇ ಭಾರತದಲ್ಲಿ ಆದ ಮೊದಲ ಉದ್ಯಾನವಿದು. ದೊಡ್ಡ ಸ್ಥಳವೇನೂ ಅಲ್ಲ. ಮರಗಳ ನೆರಳಿದೆ, ಗಾಜಿನ ಹಿಂದೆ ಹಾವುಗಳು, ತಗ್ಗಿನ ಆವರಣಗಳಲ್ಲಿ ಮೊಸಳೆ, ಉಡ, ಆಮೆ. ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದಾದುದನ್ನು ನಮ್ಮ ಪುಟ್ಟನು ಐದು ಗಂಟೆ ನೋಡಿದನು. ನನಗೆ ಕುಳಿತುಕೊಳ್ಳಲು ಒಂದು ಕಲ್ಲುಬೆಂಚು ಸಿಕ್ಕಿತ್ತು. ಆದರೆ ಅವನು ಕುಳಿತಿರಗೊಡಲಿಲ್ಲ.

ಮೊದಲು ಅವನು ಕಂಡುಹಿಡಿದುದು ಕಣ್ಣನ್ನು. “ಅಜ್ಜ, ಅದು ಕಣ್ಣೇ ಮಿಟುಕಿಸುವುದಿಲ್ಲ!” ಎಂದು ಒಂದು ನಾಗರದ ಮುಂದೆ ಅವನೂ ಕಣ್ಣು ಮಿಟುಕಿಸದೆ ನಿಂತು, ಕಣ್ಣಲ್ಲಿ ನೀರು ಬಂದು ಸೋತನು. ಅಲ್ಲಿಯ ನೌಕರರೊಬ್ಬರು, ವಯಸ್ಸಾದವರು, ಇದನ್ನು ಕಂಡು ನಗುತ್ತ ಹತ್ತಿರ ಬಂದರು. ಅವರ ತಮಿಳನ್ನು ನನ್ನ ಮಗಳು ಕನ್ನಡ ಮಾಡಿ ಹೇಳುತ್ತಿದ್ದಳು. ಹಾವಿಗೆ ರೆಪ್ಪೆಯೇ ಇಲ್ಲವಂತೆ. ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಮುಚ್ಚಿಕೊಂಡಿದೆ. ಪೊರೆ ಬಿಡುವಾಗ ಅದೂ ಪೊರೆಯ ಸಂಗಡ ಕಳಚಿಬರುತ್ತದೆ. ಹೊರಗಿವಿಯೂ ಇಲ್ಲ, ಕಿವಿಯ ತಮಟೆಯೂ ಇಲ್ಲ. ಒಳಗಿವಿಯುಂಟು, ಅದಕ್ಕೂ ದವಡೆಯ ಮೂಳೆಗೂ ಸಂಬಂಧವುಂಟು. ನೆಲದ ಅದುರುವಿಕೆಯು ದವಡೆಯ ಮೂಲಕ ಅದಕ್ಕೆ ಮುಟ್ಟುತ್ತದೆ. ಗಾಳಿಯಲ್ಲಿ ಬರುವ ತಗ್ಗುದನಿಯೂ ಸ್ವಲ್ಪ ಗೊತ್ತಾಗುತ್ತದೆ. ಹಾವಾಡಿಗನ ಪುಂಗಿಗೆ ಅದು ತಲೆದೂಗುವುದು ರಾಗವನ್ನು ಮೆಚ್ಚಿಯಲ್ಲ, ಆಡುತ್ತಿರುವ ಪುಂಗಿಯ ತುದಿಯನ್ನು ಕಣ್ಣಿನಿಂದ ಹಿಂಬಾಲಿಸಿ. ಇದನ್ನು ಕೇಳಿದಾಗ ನನಗೆ ಐವತ್ತೈದು ವರ್ಷದ ಹಿಂದೆ ಬಾಯಿಪಾಠ ಮಾಡಿದ ಚಕ್ಷುಃಶ್ರವ ಎಂಬ ಶಬ್ದವು ಥಟ್ಟನೆ ನೆನಪಿಗೆ ಬಂದಿತು. ಕಣ್ಣಿನಿಂದ ಕೇಳುವುದು! ನಾನು ಅದನ್ನು ಬರಿಯ ಕವಿಸಮಯವೆಂದು ಎಣಿಸಿದ್ದೆನು. ಅದಕ್ಕೆ ಕಿವಿ ಕಾಣದುದನ್ನೂ, ಆದರೂ ಅದು ಎಚ್ಚರವಾಗಿರುವುದನ್ನೂ ಯಾರೋ ಒಬ್ಬರು ಎಂದೋ ಒಂದು ದಿನ ನಿಂತು ನೋಡಿದ್ದರೆಂಬುದು ಆವರೆಗೆ ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ನನಗೂ ಹುಮ್ಮಸ್ಸು ಹತ್ತಿತು. ನಾನು ಒಂದೊಂದೇ ಹೆಸರನ್ನು ಹೇಳುವುದು, ಅವನು ಗಾಜಿಗೆ ಮೂಗು ಹಚ್ಚಿ ಅದು ನಿಜವೇ ಎಂದು ಪರೀಕ್ಷಿಸುವುದು—ಇದೊಂದು ಆಟವಾಯಿತು. ಗೂಢಪಾದವೆಂದರೆ ಕಾಲನ್ನು ಬಚ್ಚಿಟ್ಟುಕೊಂಡದ್ದು ಎಂದೆ. ಹೆಬ್ಬಾವಿನ ಹತ್ತಿರ ಆ ನೌಕರರು ಬಾಲದ ಬುಡವನ್ನು ತೋರಿಸಿ, ಅಲ್ಲಿ ಎರಡು ಸಣ್ಣ ಉಗುರುಗಳಿರುತ್ತವೆ, ಅವೇ ಹಿಂಗಾಲುಗಳ ಉಳಿಕೆ ಎಂದರು. ಹುಡುಗನು ನನ್ನ ಕಡೆ ತಿರುಗಿ, “ನಿನ್ನ ಪುಸ್ತಕದವನಿಗೆ ಇದು ಗೊತ್ತಿತ್ತಾ?” ಎಂದನು. ಗೊತ್ತಿತ್ತೆಂದು ಹೇಳುವ ಆಸೆ ನಾಲಗೆಯವರೆಗೆ ಬಂದಿತ್ತು. ಆದರೆ ಅಮರಸಿಂಹನ ಹೆಸರಿನಲ್ಲಿ ನಾನು ಸುಳ್ಳು ಸಾಕ್ಷಿ ಹೇಳುವುದು ಸರಿಯೆಂದು ತೋರಲಿಲ್ಲ. ದ್ವಿಜಿಹ್ವವೆಂದೆ, ಸೀಳುನಾಲಗೆ ಹೊರಗೆ ಬಂದು ಗಾಳಿಯ ವಾಸನೆಯನ್ನು ಎತ್ತಿಕೊಂಡು ಅಂಗುಳಿನಲ್ಲಿರುವ ಒಂದು ವಿಶೇಷ ಇಂದ್ರಿಯಕ್ಕೆ ಮುಟ್ಟಿಸುತ್ತದೆಂದೂ, ಎರಡು ತುದಿಗಳಲ್ಲಿ ಯಾವ ಕಡೆ ವಾಸನೆ ಹೆಚ್ಚೋ ಆ ಕಡೆ ಹಾವು ತಿರುಗುತ್ತದೆಂದೂ ತಿಳಿಯಿತು. ನಾವು ಕಾವ್ಯಗಳಲ್ಲಿ ಚಾಡಿಕೋರರನ್ನು ಬಯ್ಯಲು ಬಳಸುವ ಮಾತು ಅದು. ಪಾಪ, ಹಾವಿನ ಪಾಲಿಗೆ ಅದು ಮೂಗು.

ಪವನಾಶನದಲ್ಲಿ ಮಾತ್ರ ನಾವು ಸೋತೆವು. ಹಾವು ಗಾಳಿಯನ್ನು ಉಂಡು ಬದುಕುವುದೆಂಬುದು ಸರಿಯಲ್ಲ. ಒಮ್ಮೆ ದೊಡ್ಡ ಬೇಟೆಯನ್ನು ನುಂಗಿದ ಹೆಬ್ಬಾವು ತಿಂಗಳುಗಟ್ಟಲೆ ಉಪವಾಸವಿರಬಲ್ಲುದಾದುದರಿಂದ ಹಿಂದಿನವರಿಗೆ ಹಾಗೆ ತೋರಿರಬೇಕು. ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳದೆ ಬಿಸಿಲಿನಿಂದ ಪಡೆಯುವ ಪ್ರಾಣಿಗೆ ನಮ್ಮಂತೆ ಮೂರು ಹೊತ್ತಿನ ಊಟ ಬೇಡ. ಇದನ್ನು ಕೇಳಿದ ನಮ್ಮ ಪುಟ್ಟನು, “ಹಾಗಾದರೆ ಪಂಚಮಿಗೆ ಅಜ್ಜಿ ಹಾಲು ಯಾಕೆ ಹೊಯ್ಯುವುದು?” ಎಂದು ಎಲ್ಲರೆದುರಿಗೇ ಕೇಳಿದನು. ಹಾಲು ಹಾವಿನ ಆಹಾರವಲ್ಲವೆಂಬುದು ನನಗೆ ಮೊದಲೇ ತಿಳಿದಿತ್ತು; ಆದರೂ ಶಾಲೆಯಲ್ಲಿ ಯಾವ ಹುಡುಗನಿಗೂ ಹೇಳಿದವನಲ್ಲ. ಅಜ್ಜಿ ಕಲ್ಲಿಗೆ ಹೊಯ್ಯುತ್ತಾಳೆ, ಹಾವಿಗಲ್ಲ ಎಂದು ಉತ್ತರ ಕೊಟ್ಟೆನು. ಮನೆಯಾಕೆಯು ನನ್ನನ್ನು ನೋಡಿದ ನೋಟದಲ್ಲಿ ಒಪ್ಪಿಗೆಯಿತ್ತೋ ಆಕ್ಷೇಪವಿತ್ತೋ ಹೇಳಲಾರೆ.

ಇಷ್ಟು ಹೊತ್ತಿಗೆ ನಾವು ಒಂದು ಗಾಜಿನ ಮುಂದೆ ಬಂದೆವು. ಒಳಗೆ ಏನೂ ಇಲ್ಲವೆಂಬಂತಿತ್ತು. ಮೂಲೆಯಲ್ಲಿ ಒಂದು ಹೆಂಚಿನ ಚೂರಿನ ಕೆಳಗೆ, ಕಪ್ಪು ರೇಷ್ಮೆಯ ದಾರವನ್ನು ಸುತ್ತಿ ಎಸೆದ ಹಾಗೆ, ಒಂದು ಹಾವು ತಲೆಯನ್ನು ಸುರುಳಿಯ ಒಳಗಿಟ್ಟುಕೊಂಡು ಮಲಗಿತ್ತು. ಮೈಮೇಲೆ ಬಿಳಿಯ ಸಣ್ಣ ಅಡ್ಡಗೆರೆಗಳು. ಫಲಕವನ್ನು ಓದುವ ಅಗತ್ಯ ನನಗಿರಲಿಲ್ಲ. ಅದು ಕಟ್ಟುಹಾವು, ಕೆಲವು ಕಡೆ ಕಡಂಬಳವೆನ್ನುತ್ತಾರೆ.

“ಅಜ್ಜ, ಸಣ್ಣಜ್ಜನನ್ನು ಕಚ್ಚಿದ್ದು ಇದೇನಾ?” ಎಂದನು ಹುಡುಗ.

ನಮ್ಮ ಮನೆಯ ನಡುಮನೆಯಲ್ಲಿ ಒಂದು ಮಾಸಿದ ಛಾಯಾಚಿತ್ರವಿದೆ. ಅದರಲ್ಲಿ ನಾನು ಒಂಬತ್ತು ವರ್ಷದವನು, ಪಕ್ಕದಲ್ಲಿ ನನ್ನ ತಮ್ಮ, ಆರು ವರ್ಷದವನು. ಅವನನ್ನು ಮನೆಯ ಮಕ್ಕಳು ಸಣ್ಣಜ್ಜನೆಂದು ಕರೆಯುವ ವಾಡಿಕೆ. ತನಗಿಂತ ಚಿಕ್ಕವನು ಅಜ್ಜ ಹೇಗಾಗುತ್ತಾನೆಂದು ಪುಟ್ಟನು ಹಿಂದೊಮ್ಮೆ ಕೇಳಿದ್ದನು. ಆಗ ಹಾವು ಕಚ್ಚಿ ಹೋದನೆಂದಷ್ಟೇ ಹೇಳಿ ಮುಗಿಸಿದ್ದೆನು. ಅಲ್ಲಿ, ಆ ಗಾಜಿನ ಮುಂದೆ, ಮಿಕ್ಕುದನ್ನೂ ಹೇಳಬೇಕಾಯಿತು.

ಅದು 1968ರ ಆಷಾಢ. ಹೊನ್ನಾಳಿಗೆ ಕೆಲವು ಹರದಾರಿ ದೂರದಲ್ಲಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿದ್ದೆವು. ತಂದೆಯವರು ಪೌರೋಹಿತ್ಯಕ್ಕೆಂದು ಬೇರೆ ಊರಿಗೆ ಹೋಗಿದ್ದರು. ನಾವಿಬ್ಬರೂ ಒಂದೇ ಚಾಪೆಯಲ್ಲಿ, ಒಂದೇ ಕಂಬಳಿಯಲ್ಲಿ ನೆಲದ ಮೇಲೆ ಮಲಗಿದ್ದೆವು. ಬೆಳಗಿನ ಜಾವಕ್ಕೆ ತಮ್ಮನು ಹೊಟ್ಟೆನೋವೆಂದು ಎದ್ದನು. ಅಜ್ಜಿ ಓಮದ ಕಷಾಯ ಕಾಸಿಕೊಟ್ಟರು. ಮೈಮೇಲೆ ಗಾಯವಿಲ್ಲ, ಬಾವಿಲ್ಲ, ಉರಿಯಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವನ ರೆಪ್ಪೆಗಳು ಕೆಳಗಿಳಿದುವು. ನಿದ್ದೆ ಹತ್ತಿತೆಂದು ನಾವೆಲ್ಲರೂ ಸಮಾಧಾನ ಪಟ್ಟೆವು. ಆಮೇಲೆ ಮಾತು ತೊದಲಿತು. ಕಷಾಯವು ಗಂಟಲಲ್ಲಿ ಇಳಿಯಲಿಲ್ಲ. ತಾಯಿಯು ಚಾಪೆಯನ್ನು ಎತ್ತಿದಾಗ ಕೆಳಗಿನಿಂದ ಅದು ಸರಿದುಹೋಯಿತು.

ಮಂತ್ರವಾದಿಯನ್ನು ಕರೆತರಲು ನನ್ನನ್ನು ಓಡಿಸಿದರು. ಊರ ಮುಂದಿನ ಆಲದ ಮರದ ಬಳಿ ದಾರಿ ಕವಲಾಗುತ್ತಿತ್ತು. ಎಡಕ್ಕೆ ಹೋದರೆ ಹೊನ್ನಾಳಿಯ ರಸ್ತೆ, ಆಸ್ಪತ್ರೆ. ಬಲಕ್ಕೆ ಹೋದರೆ ಮಂತ್ರವಾದಿಯ ಊರು. ನನಗೆ ಹೇಳಿದುದು ಬಲದ ದಾರಿ. ನಾನು ಬಲಕ್ಕೆ ಓಡಿದೆ. ಆ ಮನುಷ್ಯರು ಉಣ್ಣುತ್ತಿದ್ದ ಅನ್ನವನ್ನು ಬಿಟ್ಟು ನನ್ನೊಡನೆ ಓಡಿಬಂದರು, ದುಡ್ಡನ್ನು ಮುಟ್ಟಲಿಲ್ಲ, ಕೊನೆಗೆ ನಮ್ಮೊಡನೆ ಅತ್ತರು. ಅವರನ್ನು ನಾನು ಎಂದೂ ದೂರಿದವನಲ್ಲ. ತಮ್ಮನು ಮಧ್ಯಾಹ್ನಕ್ಕೆ ಮುಂಚೆಯೇ ಹೋದನು. ಎಡಕ್ಕೆ ಓಡಿದ್ದರೆ ಬದುಕುತ್ತಿದ್ದನೆಂದೂ ಹೇಳಲಾಗದು. ಅಂದಿನ ದಾರಿ, ಅಂದಿನ ಗಾಡಿ, ಅಂದಿನ ಔಷಧ, ಎಲ್ಲವನ್ನೂ ಲೆಕ್ಕಕ್ಕೆ ತರಬೇಕು. ಆದರೆ ಆ ಆಲದ ಮರವು ಇಂದಿಗೂ ಅಲ್ಲಿಯೇ ಇದೆ. ನಾನು ಬಸ್ಸಿನಲ್ಲಿ ಹೋಗುವಾಗ ಆ ಕಡೆ ನೋಡುವುದಿಲ್ಲ.

ನೌಕರರು ಇದನ್ನೆಲ್ಲ ಮಗಳ ಬಾಯಿಂದ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹುಡುಗನಿಗೆ—ನನಗಲ್ಲ—ಹೇಳಿದರು: ಈ ಹಾವು ಹಗಲು ಹೀಗೆಯೇ ಮಂಕಾಗಿ ಬಿದ್ದಿರುತ್ತದೆ, ರಾತ್ರಿ ಬೇಟೆಗೆ ಹೊರಡುತ್ತದೆ. ನೆಲದ ಮೇಲೆ ಮಲಗಿದವರು ಹೊರಳಿದಾಗ ಕಚ್ಚುತ್ತದೆ. ಹಲ್ಲು ಸಣ್ಣದು, ನೋವು ತೋರುವುದಿಲ್ಲ. ವಿಷವು ನರಗಳ ಕಟ್ಟಳೆಯನ್ನು ತಪ್ಪಿಸಿ ಮೊದಲು ರೆಪ್ಪೆಯನ್ನು, ಆಮೇಲೆ ನಾಲಗೆಯನ್ನು, ಕಡೆಗೆ ಉಸಿರನ್ನು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವನು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಓಡಬೇಕು. ಕೊಯ್ಯಬಾರದು, ಬಿಗಿದು ಕಟ್ಟಬಾರದು, ಬಾಯಿಂದ ಹೀರಬಾರದು. ಮೂಳೆ ಮುರಿದವನ ಕೈಕಾಲನ್ನು ಹೇಗೆ ಅಲುಗಿಸದೆ ಇಡುತ್ತಾರೆಯೋ ಹಾಗೆ ಇಟ್ಟು ಗಾಡಿಗೆ ಹತ್ತಿಸಬೇಕು. ಹುಡುಗನು ಇದನ್ನು ಬೆರಳೆಣಿಸಿ ಎರಡು ಸಲ ಹೇಳಿ ಒಪ್ಪಿಸಿದನು. ನಾನು ಕಲ್ಲುಬೆಂಚಿಗೆ ಹೋಗಿ ಕುಳಿತೆ.

ಮರಳಿ ಬಂದಾಗ ಅವರು ಇನ್ನೊಂದು ಮಾತನ್ನು ಹೇಳುತ್ತಿದ್ದರು. ಮನೆಗಳಲ್ಲಿ ಕಟ್ಟುಹಾವೆಂದು ಜನ ಹೊಡೆಯುವವುಗಳಲ್ಲಿ ಅನೇಕವು ತೋಳಹಾವುಗಳಂತೆ. ಅದಕ್ಕೂ ಅಡ್ಡಪಟ್ಟೆಯುಂಟು, ಆದರೆ ಪಟ್ಟೆಯು ಕುತ್ತಿಗೆಯಿಂದಲೇ ಮೊದಲಾಗಿ ಬಾಲದ ಕಡೆ ಮಾಸುತ್ತದೆ, ಮೈಬಣ್ಣವು ಕಂದು. ಕಟ್ಟುಹಾವಿನ ಗೆರೆಗಳು ತಲೆಯಿಂದ ಸ್ವಲ್ಪ ದೂರದಲ್ಲಿ ಮೊದಲಾಗಿ, ಜೋಡಿಜೋಡಿಯಾಗಿ, ಬಾಲದ ಕಡೆಗೆ ಸ್ಪಷ್ಟವಾಗುತ್ತ ಹೋಗುತ್ತವೆ. ಬೆನ್ನಿನ ನಡುಸಾಲಿನ ಹುರುಪೆಗಳು ಮಿಕ್ಕವುಗಳಿಗಿಂತ ಅಗಲ, ಆರು ಮೂಲೆಯವು. ತೋಳಹಾವಿಗೆ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ಗೋಡೆಯ ಬಿರುಕಿನಲ್ಲಿದ್ದುಕೊಂಡು ಹಲ್ಲಿಗಳನ್ನು ತಿಂದು ಬದುಕುತ್ತದೆ.

1968ರಿಂದೀಚೆಗೆ ಪಟ್ಟೆಯಿರುವ ಹಾವನ್ನು ಕಂಡರೆ ಬಿಡಬಾರದೆಂಬುದು ನನ್ನ ವ್ರತವಾಗಿತ್ತು. ಮನೆಯಲ್ಲಿ ಕೊಂದಿದ್ದೇನೆ, ಬಾಡಿಗೆಯ ಮನೆಗಳಲ್ಲಿ ಕೊಂದಿದ್ದೇನೆ. ಜಗಳೂರಿನ ಕಡೆ ಇದ್ದಾಗ ಶಾಲೆಯ ಮಾಡಿನಿಂದ ಬಿದ್ದ ಒಂದನ್ನು ಹುಡುಗರಿಂದ ಹೊಡೆಸಿ, ಅವರ ಧೈರ್ಯವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹೊಗಳಿದ್ದೇನೆ. ಅದರ ಬಣ್ಣ ಕಂದಾಗಿತ್ತು. ಈಗ ಕಣ್ಣು ಮುಚ್ಚಿ ನೆನೆಸಿಕೊಂಡರೆ, ಮುಕ್ಕಾಲು ಪಾಲು ಕಂದೇ.

ಹಾವಿನ ಕಡಿತವು ಸಣ್ಣ ವಿಷಯವಲ್ಲವೆಂದು ತಿಳಿಯಲು ಒಂದೆರಡು ಅಂಕಿಗಳು ಸಾಕು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ ಇದರಿಂದ ಸತ್ತರು. ವರ್ಷಕ್ಕೆ ಸರಾಸರಿ 58,000. ಸತ್ತವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ 15 ವರ್ಷದೊಳಗಿನ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇದನ್ನು ಉಪೇಕ್ಷೆಗೆ ಗುರಿಯಾದ ರೋಗಗಳ ಪಟ್ಟಿಗೆ ಸೇರಿಸಿತು. ನಮ್ಮ ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಯೆಂದು ಸಾರಿತು. ಅದುವರೆಗೆ ಹಳ್ಳಿಯಲ್ಲಿ ಸತ್ತ ಮಕ್ಕಳು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ನನ್ನ ತಮ್ಮನೂ ಬರಲಿಲ್ಲ.

ಮಾರನೆಯ ದಿನ ಅಳಿಯಂದಿರು ನಮ್ಮನ್ನು ಮಹಾಬಲಿಪುರದ ದಾರಿಯಲ್ಲಿರುವ ವಡನೆಮ್ಮೇಲಿಗೆ ಕರೆದೊಯ್ದರು. ಅಲ್ಲಿರುವುದು 1976ರಲ್ಲಿ ಸ್ಥಾಪಿತವಾದ ಮೊಸಳೆಗಳ ನೆಲೆ. ಮೊಸಳೆಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಅವು ಅಲುಗುವುದಿಲ್ಲ, ಅಲುಗಿಸಬೇಕೆಂದು ಜನ ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ದೊಡ್ಡವರೇ ಮಕ್ಕಳ ಕೈಗೆ ಕಲ್ಲು ಕೊಡುವುದನ್ನೂ ಕಂಡೆ. ಹಿಂದಿನ ದಿನ ಗಾಜನ್ನು ಬಡಿಯುತ್ತಿದ್ದವರೂ ದೊಡ್ಡವರೇ. ಇಂಥ ಸ್ಥಳಗಳಿಗೆ ದೊಡ್ಡವರನ್ನು ಮಕ್ಕಳ ಜವಾಬ್ದಾರಿಯಲ್ಲಿ ಕಳುಹಿಸುವುದು ಮೇಲೆಂದು ನನಗೆ ತೋರಿತು. ಪುಟ್ಟನು ಅಲ್ಲಿ ಕಲಿತುಬಂದುದು ಇಷ್ಟು: ಮೊಸಳೆಯ ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂಬುದು ಗೂಡಿನ ಮಣ್ಣಿನ ಕಾವಿನಿಂದ ನಿಶ್ಚಯವಾಗುತ್ತದೆ, ಮರಿಗಳು ಮೊಟ್ಟೆಯೊಳಗಿಂದ ಕೂಗಿದಾಗ ತಾಯಿಯು ಮಣ್ಣು ಕೆದರಿ ಅವುಗಳನ್ನು ಬಾಯಲ್ಲಿಟ್ಟುಕೊಂಡು ನೀರಿಗೆ ಒಯ್ಯುತ್ತದೆ. ತುಂಗಭದ್ರೆಯ ಮೊಸಳೆಯೂ ಹಾಗೆಯೇ ಮಾಡುತ್ತದೆಯೇ ಎಂದು ಕೇಳಿದನು. ಅದೇ ಜಾತಿಯೆಂದು ತಿಳಿದಮೇಲೆ ಅವನಿಗೆ ನಮ್ಮ ಹೊಳೆಯ ಮೇಲೆ ಗೌರವ ಹೆಚ್ಚಿತು.

ಆದರೆ ನಾನು ವಿಸ್ತಾರವಾಗಿ ಹೇಳಬೇಕಾದುದು ಅದೇ ಆವರಣದಲ್ಲಿರುವ ಇರುಳರ ಸಹಕಾರ ಸಂಘವನ್ನು. ಇರುಳರೆಂಬವರು ಆ ಸೀಮೆಯ ಕಾಡಿನ ಜನ. ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನಿಸ್ಸೀಮರು. ಮೊದಲು ಅವರು ಹಿಡಿದ ಹಾವುಗಳ ಚರ್ಮವು ಪರದೇಶಗಳಿಗೆ ಹೋಗುತ್ತಿತ್ತು. 1972ರ ವನ್ಯಜೀವಿ ಕಾಯಿದೆಯೂ, 1976ರಲ್ಲಿ ಚರ್ಮದ ರಫ್ತಿಗೆ ಬಿದ್ದ ನಿಷೇಧವೂ ಅವರ ಹೊಟ್ಟೆಯ ಮೇಲೆ ಹೊಡೆದುವು. ಆಗ ವಿಟೇಕರ್ ಮುಂತಾದವರ ನೆರವಿನಿಂದ 1978ರಲ್ಲಿ ಈ ಸಂಘ ಹುಟ್ಟಿತು. ಹಾವನ್ನು ಕೊಲ್ಲುವುದರ ಬದಲು ಅದರ ವಿಷವನ್ನು ಕರೆದು, ಔಷಧ ತಯಾರಿಸುವವರಿಗೆ ಮಾರುವುದು ಇದರ ಕೆಲಸ.

ತಗ್ಗಾದ ಒಂದು ಅಂಗಳ. ಸುತ್ತಲೂ ನಾವು ಕುಳಿತಿದ್ದೆವು. ಒಳಗೆ ಸಾಲಾಗಿ ಮಣ್ಣಿನ ಮಡಕೆಗಳು, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ನಮ್ಮ ಕಡೆ ಮದುವೆಯ ಮನೆಯಲ್ಲಿ ಹೀಗೆ ಮಡಕೆಗಳನ್ನು ಸಾಲಿಡುತ್ತಾರೆ; ಇಲ್ಲಿ ಒಂದೊಂದರಲ್ಲಿಯೂ ಹಾವು. ಇರುಳನೊಬ್ಬನು ಕೊಕ್ಕೆಯಿಂದ ಒಂದು ಕೊಳಕುಮಂಡಲವನ್ನು ಹೊರತೆಗೆದು, ಯಾವ ಗಡಿಬಿಡಿಯೂ ಇಲ್ಲದೆ ಅದರ ಕುತ್ತಿಗೆಯನ್ನು ಹಿಡಿದು, ತೆಳುಪೊರೆಯನ್ನು ಬಿಗಿದ ಒಂದು ಗಾಜಿನ ಬಟ್ಟಲನ್ನು ಕಚ್ಚಿಸಿದನು. ಹಳದಿಯ ಎರಡು ಮೂರು ಹನಿ ಕೆಳಗಿಳಿಯಿತು. ಅಷ್ಟೆ. ಒಂದು ಹಾವಿನಿಂದ ಮೂರು ನಾಲ್ಕು ಸಲ ಹೀಗೆ ಕರೆದು, ಮೂರು ನಾಲ್ಕು ವಾರಗಳಾದಮೇಲೆ ಹೊಟ್ಟೆಯ ಹುರುಪೆಗೆ ಒಂದು ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಗುರುತಿದ್ದ ಹಾವನ್ನು ಮತ್ತೆ ಹಿಡಿಯುವುದಿಲ್ಲ. ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ಅದನ್ನು ಎದುರಿಸುವ ಶಕ್ತಿ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿದರೆ ಔಷಧ. ನಮ್ಮ ದೇಶದ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ—ಈ ನಾಲ್ಕಕ್ಕೂ ಒಂದೇ. ಈ ಸಂಘದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಎಂಬವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ನಾನು ಆ ಹಳದಿ ಹನಿಯನ್ನೇ ನೋಡುತ್ತಿದ್ದೆ. ನಮ್ಮ ಹಳ್ಳಿಯ ಮಂತ್ರವಾದಿಯು ಬೇಡಿದ್ದೂ ಇದನ್ನೇ ಅಲ್ಲವೆ, ಕಚ್ಚಿದುದೇ ಬಂದು ವಿಷವನ್ನು ಹಿಂದಕ್ಕೆ ತೆಗೆದುಕೊಳ್ಳಲಿ ಎಂದು? ಇಲ್ಲಿ ಅದು ಕುದುರೆಯ ಮೈಯೊಳಗೆ ಹಾದು ಬರುತ್ತದೆ.

ಕೊಳಕುಮಂಡಲವೆಂಬ ಹೆಸರಿನ ವಿಷಯವಾಗಿ ಪಂಡಿತರಿಗೆ ಒಂದು ಮಾತು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ವಿಷದ ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಭಾಗಿಸಿರುವುದು ತಿಳಿದ ಸಂಗತಿ. ಸೌಟಿನಂತೆ ಹೆಡೆಯುಳ್ಳುದು ದರ್ವೀಕರ, ಮೈಮೇಲೆ ಬಳೆಬಳೆಯಾದ ಮಚ್ಚೆಗಳುಳ್ಳುದು ಮಂಡಲಿ, ಗೆರೆಗಳುಳ್ಳುದು ರಾಜಿಮಂತ. ನಮ್ಮ ತೋಟದ ಆಳಿನ ಬಾಯಲ್ಲಿ ಮಂಡಲವೆಂಬ ಶಬ್ದವು ಇಂದಿಗೂ ಜೀವಂತವಾಗಿದೆ. ನಾನು ಈ ಮೂರು ಹೆಸರನ್ನು ಹೇಳಿದಾಗ ಪುಟ್ಟನು ಮಡಕೆಗಳ ಕಡೆ ಬೆರಳು ತೋರಿಸಿ ಮೂರನ್ನೂ ಸರಿಯಾಗಿ ಗುರುತಿಸಿದನು. ಇಷ್ಟು ವರ್ಷ ಸಂಸ್ಕೃತ ಹೇಳಿದ ನನಗೆ ಇದಕ್ಕಿಂತ ಒಳ್ಳೆಯ ತರಗತಿ ನೆನಪಿಲ್ಲ. ಹೆಸರಿಡುವ ಕೆಲಸವು ಇನ್ನೂ ಮುಗಿದಿಲ್ಲವೆಂಬುದೂ ಸಂತೋಷದ ಸಂಗತಿಯೇ. ಆಗುಂಬೆಯಲ್ಲಿ ವಿಟೇಕರ್ 2005ರಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ತೆರೆದರಷ್ಟೆ. ಆ ಸೀಮೆಯಲ್ಲಿ ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ಬಹುಕಾಲವನ್ನು ಕೊಟ್ಟ ಪಿ. ಗೌರಿಶಂಕರ್ ಮತ್ತು ಅವರ ಸಂಗಡಿಗರು 2024ರಲ್ಲಿ, ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯೇ ಒಂದು ಜಾತಿಯೆಂದು ತೋರಿಸಿ, ಶಾಸ್ತ್ರದಲ್ಲಿ ಅದಕ್ಕೆ ಓಫಿಯೊಫೇಗಸ್ ಕಾಳಿಂಗ ಎಂದು ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಎಲೆಗಳನ್ನು ಗುಡ್ಡೆಹಾಕಿ ಮೊಟ್ಟೆಗಾಗಿ ಗೂಡು ಕಟ್ಟುವ ಹಾವೆಂದರೆ ಕಾಳಿಂಗವೇ. ಪಾರ್ಥಿವ ಮೊದಲಾದ ದೊಡ್ಡ ದೊಡ್ಡ ಶಬ್ದಗಳನ್ನು ಹುಡುಕುವ ನಮ್ಮ ಪರಿಭಾಷಾ ಸಮಿತಿಗಳ ಮಿತ್ರರು ಇದನ್ನು ಗಮನಿಸಬಹುದು.

ಪ್ರಾಣಿಗಳನ್ನು ಗಾಜಿನೊಳಗೆ ಕೂಡಿಹಾಕುವುದು ಸರಿಯೇ ಎಂದು ಕೇಳುವವರುಂಟು. ನನಗೂ ಆ ಅನುಮಾನ ಪೂರ್ತಿಯಾಗಿ ಹೋಗಿಲ್ಲ. ಆ ಕಟ್ಟುಹಾವು ನನ್ನ ಮೊಮ್ಮಗನಿಗೆ ಪಾಠ ಹೇಳಲು ಒಪ್ಪಿ ಅಲ್ಲಿಗೆ ಬಂದುದಲ್ಲ.

ಇನ್ನು ನಡೆದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಆ ವರ್ಷದ ಶ್ರಾವಣದಲ್ಲಿ, ಮಳೆ ಜಡಿ ಹಿಡಿದಿದ್ದ ಒಂದು ಸಂಜೆ, ನಮ್ಮ ಮನೆಯ ಬಚ್ಚಲಿನ ಪಕ್ಕದಲ್ಲಿ ಸೌದೆಯ ಒಟ್ಟಿಲಿನಿಂದ ಒಂದು ಹಾವು ಹೊರಬಂದಿತು. ಮೊಳದುದ್ದವಿದ್ದಿತು, ಮೈಮೇಲೆ ಅಡ್ಡಪಟ್ಟೆ. ಮನೆಯಾಕೆಯ ಕೂಗಿಗೆ ಪಕ್ಕದ ಮನೆಯವರಿಬ್ಬರು ಬಂದರು. ನನ್ನ ಕೈಯಲ್ಲಿ ಕೋಲು ಯಾವಾಗ ಬಂದಿತೋ ತಿಳಿಯದು. ಅದು ಬಾಗಿಲಿನ ಹಿಂದೆ ಐವತ್ತು ವರ್ಷಗಳಿಂದ ಒಂದೇ ಸ್ಥಳದಲ್ಲಿರುತ್ತದೆ. ಕೈಗೆ ದಾರಿ ಗೊತ್ತು. “ಮೇಷ್ಟ್ರೇ, ಕಟ್ಟಾವು, ಬಿಡಬ್ಯಾಡ್ರಿ!” ಎಂದರು ಒಬ್ಬರು.

ಪುಟ್ಟನು ಮೆಟ್ಟಿಲ ಮೇಲಿನಿಂದಲೇ, ಕೆಳಗಿಳಿಯದೆ, ಬ್ಯಾಟರಿ ದೀಪವನ್ನು ಹಾಯಿಸಿ ನೋಡುತ್ತಿದ್ದನು. “ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿದೆ, ಅಜ್ಜ. ಬಾಲದ ಹತ್ತಿರ ಕಾಣಿಸ್ತಾ ಇಲ್ಲ.” ಸ್ವಲ್ಪ ತಡೆದು, “ಆದರೆ ನನಗೆ ಖಾತ್ರಿಯಿಲ್ಲ. ಯಾರೂ ಹತ್ತಿರ ಹೋಗಬೇಡಿ. ಗೊತ್ತಿರುವವರನ್ನು ಕರೆಯೋಣ,” ಎಂದನು.

ನನಗೆ ಖಾತ್ರಿಯಿಲ್ಲ ಎಂಬ ಆ ಮಾತನ್ನು ಕೇಳಿ ನಾನು ನಿಂತೆ. ಒಂಬತ್ತರ ಹುಡುಗನು ಎರಡು ದಿನದಲ್ಲಿ ನಾಲ್ಕು ಹಾವಿನ ಹೆಸರು ಕಲಿತು ಪಂಡಿತನಂತೆ ಆಡುವುದು ಸಹಜ. ಅವನು ಹಾಗೆ ಆಡಲಿಲ್ಲ. ಹಾವು ಹಿಡಿಯುವ ತರುಣನೊಬ್ಬನಿಗೆ ದೂರವಾಣಿ ಮಾಡಿದೆವು. ಅವನು ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಹಾವು ಒಟ್ಟಿಲನ್ನು ಒಂದು ಸುತ್ತು ಬಂದು, ಗೋಡೆಯ ಮೇಲೆ ಒಂದು ಹಲ್ಲಿಯ ಹಿಂದೆ ಸ್ವಲ್ಪ ದೂರ ಹತ್ತಿ, ಅದು ಸಿಕ್ಕದೆ, ಬಚ್ಚಲ ತೂಬಿನಿಂದ ಹೊರಕ್ಕೆ ಹೋಗಿಬಿಟ್ಟಿತು. ನಾವು ಐದು ಮಂದಿ ಕೊಡೆ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತಿದ್ದೆವು. ತರುಣನು ಬಂದು, ಹುಡುಗನು ಹೇಳಿದ ಗುರುತುಗಳನ್ನು ಕೇಳಿ, ತೋಳಹಾವೇ ಇರಬೇಕೆಂದನು. ಸೌದೆಯ ಒಟ್ಟಿಲನ್ನು ಮನೆಯಿಂದ ದೂರ ಹಾಕಿಸಿರೆಂದು ಹೇಳಿ, ಚಹಾ ಕುಡಿದು ಹೋದನು.

ಸೌದೆಯನ್ನು ಮಾರನೆಯ ದಿನವೇ ಹಿತ್ತಿಲ ಕೊನೆಗೆ ಸಾಗಿಸಿದ್ದಾಯಿತು. ನಮ್ಮ ಮನೆಯಲ್ಲಿ ಈಗ ಮಳೆಗಾಲದಲ್ಲಿ ನೆಲದ ಮೇಲೆ ಮಲಗುವವರು ಯಾರೂ ಇಲ್ಲ, ಅವನ ಅಜ್ಜಿಯೊಬ್ಬಳ ಹೊರತು. ಆಕೆಗೆ ಮಂಚ ಒಗ್ಗುವುದಿಲ್ಲ. ದಿನವೂ ರಾತ್ರಿ ಆಕೆಯ ಸೊಳ್ಳೆಪರದೆಯ ಅಂಚನ್ನು ಸುತ್ತಲೂ ಚಾಪೆಯ ಕೆಳಕ್ಕೆ ಸಿಕ್ಕಿಸಿ, ನಾಲ್ಕು ಮೂಲೆಗಳನ್ನೂ ಕೈಯಿಂದ ತಡವಿ ನೋಡಿ ಬಂದಮೇಲೆಯೇ ಪುಟ್ಟನು ದೀಪವಾರಿಸುತ್ತಾನೆ.